ನಾಟಕದಲ್ಲಿ ಅನುನಯವಾಕ್ಯ ಮತ್ತು ದುರ್ಯೋಧನನ ಕಿವಿ

ದೃಶ್ಯಕಾವ್ಯವನ್ನು ಕುರಿತ ವಿಮರ್ಶೆಯಲ್ಲಿ ಒಂದು ಆಕ್ಷೇಪವು ಬಹುಕಾಲದಿಂದ ಉಳಿದುಬಂದಿದೆ. ಯವನರ ನಾಟಕಗಳಲ್ಲಿಯೂ ಆಂಗ್ಲರ ನಾಟಕಗಳಲ್ಲಿಯೂ ಒಬ್ಬನು ಮತ್ತೊಬ್ಬನನ್ನು ಮಾತಿನಿಂದ ಒಲಿಸುವ, ತಿರುಗಿಸುವ, ಕೆಡಿಸುವ ಸನ್ನಿವೇಶಗಳು ಹೇರಳವಾಗಿರುವುವೆಂದೂ, ಸಂಸ್ಕೃತ ರೂಪಕಗಳಲ್ಲಿ ಮಾತು ವರ್ಣನೆಗೂ ರಸಪೋಷಣೆಗೂ ಮೀಸಲಾಗಿ ವಾದಪ್ರತಿವಾದಗಳು ವಿರಳವೆಂದೂ ಆ ಆಕ್ಷೇಪದ ಸಾರ. ಇದಕ್ಕೆ ನಮ್ಮವರು ಕೊಡುವ ಉತ್ತರವೂ ಒಂದೇ ಬಗೆಯದು. ಭಾಸ, ಭಟ್ಟನಾರಾಯಣ, ವಿಶಾಖದತ್ತರಿಂದ ಕೆಲವು ಉಜ್ಜ್ವಲವಾದ ಪದ್ಯಗಳನ್ನೆತ್ತಿ ‘ಇದಕ್ಕಿಂತ ಬಲವಾದ ವಾಗ್ಮಿತೆಯೆಲ್ಲಿದೆ?’ ಎಂದು ಕೇಳುವುದು. ಆಕ್ಷೇಪವೂ ಉತ್ತರವೂ ಒಂದೇ ದೋಷಕ್ಕೆ ಗುರಿಯಾಗಿವೆಯೆಂದು ನಮಗೆ ತೋರುತ್ತದೆ. ಎರಡೂ ಆಡಿದವನ ನಾಲಗೆಯನ್ನು ಮಾತ್ರ ನೋಡುತ್ತವೆ, ಕೇಳಿದವನ ಕಿವಿಯನ್ನು ನೋಡುವುದಿಲ್ಲ. ನಾಟಕವು ಸುಭಾಷಿತಸಂಗ್ರಹವಲ್ಲ. ಅಲ್ಲಿ ಆಡಿದ ಪ್ರತಿಯೊಂದು ಮಾತಿಗೂ ರಂಗದ ಮೇಲೆಯೇ ಒಬ್ಬ ಶ್ರೋತೃವಿದ್ದಾನೆ. ಅವನು ಒಪ್ಪಿದನೇ ಇಲ್ಲವೇ, ಒಪ್ಪದಿದ್ದರೆ ಏತಕ್ಕೆ ಒಪ್ಪಲಿಲ್ಲ ಎಂಬುದೇ ಆ ಮಾತಿನ ನಿಜವಾದ ಪರೀಕ್ಷೆ.

ಈ ದೃಷ್ಟಿ ನಮ್ಮ ಶಾಸ್ತ್ರಕ್ಕೆ ಹೊಸದೇನೂ ಅಲ್ಲ, ಮರೆತುಹೋದದ್ದು, ಅಷ್ಟೆ. ನಾಟ್ಯಶಾಸ್ತ್ರದಲ್ಲಿ ಭರತಮುನಿಯು ಹೇಳಿದ ಅಲಂಕಾರಗಳು ಉಪಮೆ, ರೂಪಕ, ದೀಪಕ, ಯಮಕ ಎಂಬ 4 ಮಾತ್ರ. ಆದರೆ ಅದೇ ಗ್ರಂಥದಲ್ಲಿ ಕಾವ್ಯಬಂಧಕ್ಕೆ ಲಕ್ಷಣಗಳೆಂಬುವು 36. ಈ ಲಕ್ಷಣಗಳ ಪಟ್ಟಿ ಪಾಠಭೇದದಿಂದ ಎರಡು ಬಗೆಯಾಗಿ ಬಂದಿದೆ. ಒಂದರಲ್ಲಿ ಹೇತು, ದೃಷ್ಟಾಂತ, ಅನುನಯ, ದಾಕ್ಷಿಣ್ಯ, ಗರ್ಹಣ, ಪೃಚ್ಛಾ ಎಂಬುವೂ, ಮತ್ತೊಂದರಲ್ಲಿ ಪ್ರೋತ್ಸಾಹನ, ಯಾಚ್ಞಾ, ಪ್ರತಿಷೇಧ, ಕಪಟ, ಅನುನೀತಿ ಎಂಬುವೂ ಕಾಣುತ್ತವೆ. ಗುಣಕೀರ್ತನವು ಎರಡರಲ್ಲಿಯೂ ಉಂಟು. ಈ ಹೆಸರುಗಳನ್ನು ಒಮ್ಮೆ ಬಿಡಿಸಿ ಓದಿದರೆ ಸಾಕು, ಇವುಗಳಲ್ಲಿ ಬಹುಪಾಲು ಮಾತಿನ ಆಭರಣಗಳಲ್ಲ, ಮಾತಿನಿಂದ ಮಾಡುವ ಕೆಲಸಗಳು ಎಂಬುದು ಹೊಳೆಯುತ್ತದೆ. ಬೇಡುವುದು, ತಡೆಯುವುದು, ಹುರಿದುಂಬಿಸುವುದು, ಹಳಿಯುವುದು, ಹೊಗಳುವುದು, ಓಲೈಸುವುದು, ವಂಚಿಸುವುದು. ಒಬ್ಬನು ಇನ್ನೊಬ್ಬನ ಮನಸ್ಸಿನ ಮೇಲೆ ನಡೆಸುವ ವ್ಯಾಪಾರಗಳಿವು. ಕಾಲಕ್ರಮದಲ್ಲಿ ಅಲಂಕಾರಗಳು ನೂರನ್ನು ದಾಟಿ ಬೆಳೆದುವು, ಲಕ್ಷಣಗಳು ಕೃಶವಾದುವು. ಅಭಿನವಗುಪ್ತಾಚಾರ್ಯರ ಕಾಲಕ್ಕಾಗಲೇ ಲಕ್ಷಣವೆಂದರೇನೆಂಬುದರಲ್ಲಿ ಹತ್ತು ಪಕ್ಷಗಳೆದ್ದಿದ್ದುವು. ದಶರೂಪಕಕಾರನಾದ ಧನಂಜಯನು ಇವು ಅನ್ಯತ್ರ ಅಂತರ್ಗತವಾದುವೆಂದು ಬಿಟ್ಟೇಬಿಟ್ಟನು. ಡಾ. ವಿ. ರಾಘವನ್ ಅವರು ಈ ಲಕ್ಷಣಗಳ ಚರಿತ್ರೆಯನ್ನು 1942ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಶೋಧಿಸಿದ್ದಾರೆ. ಅಲ್ಲಿಂದ ಮುಂದಕ್ಕೆ ನಮ್ಮ ಪಾಠಶಾಲೆಗಳಲ್ಲಿ ಆ ವಿಷಯವು ಹೆಚ್ಚು ಸಂಚರಿಸಿದಂತೆ ಕಾಣೆವು. ಪರೀಕ್ಷಾಪತ್ರಿಕೆಗಳಲ್ಲಿ ನಾಟಕದ ಪದ್ಯವನ್ನು ಕೊಟ್ಟು ‘ಅಲಂಕಾರವಾವುದು?’ ಎಂದು ಕೇಳುವ ಪದ್ಧತಿ ಮಾತ್ರ ಅಚಲವಾಗಿದೆ. ‘ಈ ಮಾತು ಯಾರಿಗೆ ಆಡಿದ್ದು, ಅವನು ಮಣಿದನೇ?’ ಎಂದು ಕೇಳುವವರು ಅಪರೂಪ.

ಅಲಂಕಾರಶಾಸ್ತ್ರದಲ್ಲಿ ಈ ಪ್ರಶ್ನೆಗೆ ಇನ್ನೊಂದು ನೆಲೆಯುಂಟು. ವ್ಯಂಜನಾವ್ಯಾಪಾರಕ್ಕೆ ಸಹಾಯಕವಾದ ವಿಶೇಷಗಳನ್ನು ಎಣಿಸುವಾಗ ಮಮ್ಮಟನು ವಕ್ತೃವಿನ ಕೂಡಲೆ ಬೋದ್ಧವ್ಯನನ್ನೂ, ಎಂದರೆ ಯಾರಿಗೆ ತಿಳಿಯಬೇಕಾಗಿದೆಯೋ ಅವನನ್ನೂ ಹೇಳುತ್ತಾನೆ. ಕಾಕುವನ್ನೂ ಪ್ರಸ್ತಾವ ದೇಶ ಕಾಲಗಳನ್ನೂ ಹೇಳುತ್ತಾನೆ. ಅನ್ಯಸನ್ನಿಧಿಯನ್ನೂ, ಎಂದರೆ ಮೂರನೆಯವನು ಹತ್ತಿರದಲ್ಲಿರುವುದನ್ನೂ ಬಿಡುವುದಿಲ್ಲ. ಯವನಾಚಾರ್ಯನಾದ ಅರಿಸ್ಟಾಟಲನೂ ತನ್ನ ವಾಗ್ಮಿತಾಶಾಸ್ತ್ರದಲ್ಲಿ ಭಾಷಣಕ್ಕೆ ವಕ್ತೃ, ವಿಷಯ, ಶ್ರೋತೃ ಎಂಬ ಮೂರು ಅಂಗಗಳನ್ನು ಹೇಳಿ, ಭಾಷಣದ ಪ್ರಯೋಜನವು ಶ್ರೋತೃವಿನಲ್ಲಿಯೇ ಪರ್ಯವಸಾನವಾಗುವುದೆಂದು ನಿರ್ಣಯಿಸಿದ್ದಾನೆ. ಸಿದ್ಧಾಂತದಲ್ಲಿ ಇಷ್ಟು ಸಾಮ್ಯವಿದ್ದಮೇಲೆ ಪ್ರಯೋಗದಲ್ಲಿ ನೋಡುವುದೊಂದು ಉಳಿಯಿತು. ಇದಕ್ಕೆ ದುರ್ಯೋಧನನಿಗಿಂತ ತಕ್ಕ ಶ್ರೋತೃ ನಮಗೆ ದೊರೆಯನು. ಅವನಷ್ಟು ಹಿತವಚನಗಳನ್ನು ಕೇಳಿದವನೂ ಇಲ್ಲ, ಅವನಷ್ಟು ಅವುಗಳನ್ನು ತಳ್ಳಿದವನೂ ಇಲ್ಲ.

ಮೊದಲು ದೂತವಾಕ್ಯವನ್ನು ತೆಗೆದುಕೊಳ್ಳೋಣ. ಮಹಾಮಹೋಪಾಧ್ಯಾಯ ಟಿ. ಗಣಪತಿ ಶಾಸ್ತ್ರಿಗಳು 1912ರಿಂದ ಮೊದಲಾಗಿ ತಿರುವನಂತಪುರದಲ್ಲಿ ಪ್ರಕಟಿಸಿದ 13 ರೂಪಕಗಳಲ್ಲಿ ಇದೊಂದು, ಏಕಾಂಕದ ವ್ಯಾಯೋಗ. ಇವೆಲ್ಲವೂ ಭಾಸನವೇ ಎಂಬ ವಿವಾದವನ್ನು ಇಲ್ಲಿ ಎತ್ತುವುದು ಅನಗತ್ಯ. ಕೃಷ್ಣನು ಪಾಂಡವರ ದೂತನಾಗಿ ಬಂದಿರುವನೆಂದು ಕಂಚುಕಿಯು ಅರಿಕೆಮಾಡುತ್ತಾನೆ. ಮಾಡುವಾಗ ‘ಪುರುಷೋತ್ತಮ’ನೆಂದನೆಂಬುದಕ್ಕೇ ದುರ್ಯೋಧನನು ಕನಲುತ್ತಾನೆ. ಕೇಶವನು ಬಂದಾಗ ಸಭೆಯಲ್ಲಿ ಯಾರೂ ಏಳಕೂಡದು, ಎದ್ದವನಿಗೆ 12 ಸುವರ್ಣಭಾರದ ದಂಡ ಎಂದು ಆಜ್ಞೆಮಾಡುತ್ತಾನೆ. ತಾನು ಏಳದಿರುವುದಕ್ಕೆ ಉಪಾಯವಾಗಿ ದ್ರೌಪದಿಯ ಕೇಶಾಕರ್ಷಣವನ್ನು ಬರೆದ ಚಿತ್ರಪಟವನ್ನು ತರಿಸಿ ಅದನ್ನೇ ನೋಡುತ್ತ ಕುಳಿತುಕೊಳ್ಳುತ್ತಾನೆ. ಕೃಷ್ಣನು ಪ್ರವೇಶಿಸಿದೊಡನೆ ಸಭೆ ಎದ್ದು ನಿಲ್ಲುತ್ತದೆ. ದುರ್ಯೋಧನನಂತೂ ಆಸನದಿಂದ ಕೆಳಕ್ಕೆ ಬೀಳುತ್ತಾನೆ. ಇದನ್ನು ಹಾಸ್ಯವೆಂದು ಕೆಲವರು ಬಗೆದಿದ್ದಾರೆ. ಹಾಸ್ಯವಿರಬಹುದು. ಆದರೆ ನಾಟಕಕಾರನು ಮಾತಿಗೆ ಮೊದಲೇ ಒಂದು ಸಂಗತಿಯನ್ನು ನಮ್ಮ ಕಣ್ಣೆದುರಿಗೆ ಇಟ್ಟನೆಂಬುದು ಮುಖ್ಯ. ಈ ಅರಸನ ಶರೀರವು ಕೃಷ್ಣನ ಮಹಿಮೆಯನ್ನು ಒಪ್ಪಿದೆ. ಕಿವಿ ಮಾತ್ರ ಒಪ್ಪಲಾರದು. ಮುಂದಿನ ವಾದವೆಲ್ಲ ಈ ಮುಚ್ಚಿದ ಬಾಗಿಲಿನ ಮುಂದೆ ನಡೆಯತಕ್ಕದ್ದು.

ವಾದವು ಹೇಗೆ ನಡೆಯಿತೆಂಬುದನ್ನು ಗಮನಿಸಬೇಕು. ಪಾಂಡವರು ಕಷ್ಟವನ್ನು ಅನುಭವಿಸಿದರು, ಅವಧಿ ಮುಗಿಯಿತು, ದಾಯಭಾಗವನ್ನು ಕೊಡು ಎಂಬುದು ದೂತನ ಸಂದೇಶ. ದುರ್ಯೋಧನನು ಬೈಗುಳದಿಂದಲ್ಲ, ಯುಕ್ತಿಯಿಂದಲೇ ಉತ್ತರಕೊಡುತ್ತಾನೆ. ಚಿಕ್ಕಪ್ಪನಾದ ಪಾಂಡುವು ಬೇಟೆಯಲ್ಲಿ ಮುನಿಶಾಪಕ್ಕೆ ಗುರಿಯಾಗಿ ಪತ್ನಿಯರಿಂದ ದೂರವಾದವನು, ಬೇರೆಯವರಿಂದ ಹುಟ್ಟಿದ ಮಕ್ಕಳಿಗೆ ಅವನ ದಾಯವು ಹೇಗೆ ಬಂದೀತು ಎಂದು ಅವನ ಪ್ರಶ್ನೆ. ಇದು ಧರ್ಮಶಾಸ್ತ್ರದ ಭಾಷೆಯಲ್ಲಿ ಹೂಡಿದ ಪೂರ್ವಪಕ್ಷ, ನಿರ್ಲಕ್ಷಿಸತಕ್ಕದ್ದಲ್ಲ. ಕೃಷ್ಣನ ಪ್ರತ್ಯುತ್ತರವು ಅದೇ ಯುಕ್ತಿಯನ್ನು ಹಿಡಿದು ತಿರುಗಿಸುತ್ತದೆ. ವಿಚಿತ್ರವೀರ್ಯನು ಕ್ಷಯದಿಂದ ಸತ್ತನು, ಅಂಬಿಕೆಯಲ್ಲಿ ವ್ಯಾಸರಿಂದ ಧೃತರಾಷ್ಟ್ರನು ಹುಟ್ಟಿದನು. ಹಾಗಾದರೆ ನಿನ್ನ ತಂದೆಗೆ ಈ ರಾಜ್ಯ ಹೇಗೆ ಬಂತು? ನ್ಯಾಯಶಾಸ್ತ್ರದಲ್ಲಿ ಇದಕ್ಕಿಂತ ಶುದ್ಧವಾದ ಪ್ರತಿಬಂದಿಯನ್ನು ಹುಡುಕಬೇಕು. ವಾದವು ಇಲ್ಲಿಗೆ ಮುಗಿಯಿತು. ಪ್ರತಿವಾದಿಯು ನಿಗ್ರಹಸ್ಥಾನಕ್ಕೆ ಬಂದನು. ಆದರೆ ಯಾವುದೊಂದೂ ಕದಲಲಿಲ್ಲ. ದುರ್ಯೋಧನನು ವಂಶದ ಮಾತನ್ನೇ ಕೈಬಿಟ್ಟು, ರಾಜ್ಯವೆಂಬುದು ಗೆದ್ದು ಉಣ್ಣುವ ವಸ್ತುವೇ ಹೊರತು ಬೇಡುವ ವಸ್ತುವೂ ಅಲ್ಲ, ದೀನರಿಗೆ ಕೊಡುವ ವಸ್ತುವೂ ಅಲ್ಲ ಎಂಬ ಬೇರೊಂದು ನೆಲಕ್ಕೆ ಹಾರುತ್ತಾನೆ. ಅವನ ನಿಜವಾದ ನೆಲ ಇದೇ. ಶಾಪ, ಕ್ಷೇತ್ರಜಪುತ್ರ, ದಾಯ ಇವೆಲ್ಲ ಎರವಲು ತಂದ ಗುರಾಣಿ. ಗುರಾಣಿ ಒಡೆದರೆ ವೀರನು ಸೋತಂತಾಗಲಿಲ್ಲ.

ಹಾಗಾದರೆ ಕೃಷ್ಣನ ವಾಕ್ಯವು ವ್ಯರ್ಥವೇ? ಅನ್ಯಸನ್ನಿಧಿಯನ್ನು ಇಲ್ಲಿ ನೆನೆಯಬೇಕು. ಸಭೆಯಲ್ಲಿ ಭೀಷ್ಮದ್ರೋಣರಿದ್ದಾರೆ. ಬೋದ್ಧವ್ಯನು ದುರ್ಯೋಧನನಾದರೂ ಮಾತು ಅವರ ಕಿವಿಗೂ ಬೀಳುತ್ತದೆ. ಅವರ ಹಿಂದೆ ಪ್ರೇಕ್ಷಕನಿದ್ದಾನೆ. ಯುದ್ಧಕ್ಕೆ ಯಾರು ಹೊಣೆಯೆಂಬುದು ಈ ಸೋತ ಮಾತಿನಿಂದಲೇ ನಿರ್ಣಯವಾಯಿತು. ಬಳಿಕ ದೂತನನ್ನು ಕಟ್ಟಲು ಹವಣಿಸುವುದು, ವಿಶ್ವರೂಪ, ಸುದರ್ಶನಾದಿ ಆಯುಧಗಳು ಪುರುಷರೂಪದಿಂದ ಬರುವುದು, ಕಡೆಗೆ ಧೃತರಾಷ್ಟ್ರನು ಬಂದು ಕಾಲಿಗೆರಗುವುದು, ಇವೆಲ್ಲ ಅದ್ಭುತರಸದ ವ್ಯಾಪ್ತಿಗೆ ಸೇರಿದುವು. ನಮ್ಮ ಪ್ರಕರಣಕ್ಕೆ ಹೊರಗು. ಸೋಫೋಕ್ಲಿಸನ ಫಿಲೋಕ್ಟೀಟಿಸ್ ನಾಟಕದಲ್ಲಿಯೂ ಮನುಷ್ಯರ ಅನುನಯವೆಲ್ಲ ಸೋತಮೇಲೆ ಹಿರಾಕ್ಲೀಸನು ದಿವ್ಯರೂಪದಿಂದ ಬಂದು ಕಥೆಯನ್ನು ಸರಿಪಡಿಸುತ್ತಾನೆ. ಮಾತು ನಿಂತಲ್ಲಿ ದೇವತೆಯನ್ನು ಕರೆಯುವುದು ಎರಡು ದೇಶಗಳಿಗೂ ಸಮಾನವೆಂದು ಹೇಳಿ ಮುಂದುವರಿಯುತ್ತೇವೆ.

ಈಗ ಪಂಚರಾತ್ರವನ್ನು ಪಕ್ಕದಲ್ಲಿಡಿ. ಅದೇ ಕವಿಯದೆಂದು ಪ್ರಸಿದ್ಧವಾದ ರೂಪಕ. ಅದೇ ದುರ್ಯೋಧನ, ಕೇಳತಕ್ಕುದೂ ಅದೇ ಅರ್ಧರಾಜ್ಯ. ಆದರೆ ಇಲ್ಲಿ ಅವನು ಕೊಡುತ್ತಾನೆ! ಯಜ್ಞವು ಮುಗಿದು ಆಚಾರ್ಯದಕ್ಷಿಣೆಯ ಪ್ರಸಂಗ ಬಂದಿದೆ. ಏನು ಬೇಕಾದರೂ ಕೇಳಿರೆಂದು ಶಿಷ್ಯನೇ ಒತ್ತಾಯಮಾಡುತ್ತಾನೆ. ದ್ರೋಣನ ಕಣ್ಣಲ್ಲಿ ನೀರು ಬರುತ್ತದೆ. ಕೊಡುವೆನೆಂಬ ಮಾತನ್ನು ಪಡೆದಮೇಲೆ ಅವನು ಪಾಂಡವರಿಗೆ ಭಾಗವನ್ನು ದಕ್ಷಿಣೆಯಾಗಿ ಬೇಡುತ್ತಾನೆ. ಶಕುನಿಯು ಅಡ್ಡಬಂದು, 5 ರಾತ್ರಿಗಳೊಳಗೆ ಪಾಂಡವರ ಸುದ್ದಿ ತಂದರೆ ಕೊಡುವುದೆಂಬ ಕಟ್ಟಳೆಯನ್ನು ಹಾಕಿಸುತ್ತಾನೆ. ಮೂರನೆಯ ಅಂಕದ ಕೊನೆಗೆ ಆ ಕಟ್ಟಳೆಯು ನೆರವೇರಿ ರಾಜ್ಯಾರ್ಧವು ಕೊಡಲ್ಪಡುತ್ತದೆ. ವ್ಯಾಸಭಾರತದ ಕಥೆಗೆ ಇದು ಪೂರ್ಣ ವಿರುದ್ಧವಾದುದು. ಕಥಾವಿರೋಧವನ್ನು ದೋಷವೆಂದು ಎಣಿಸುವವರಿಗೆ ಇಲ್ಲಿ ಹೇಳಲು ಬೇಕಾದಷ್ಟಿದೆ. ನಮಗೆ ಮಾತ್ರ ಈ ಎರಡು ರೂಪಕಗಳು ಪರಸ್ಪರ ವ್ಯಾಖ್ಯಾನಗಳಂತೆ ಕಾಣುತ್ತವೆ. ದೂತವಾಕ್ಯದಲ್ಲಿ ರಾಜ್ಯವನ್ನು ಹಕ್ಕಿನಿಂದ ಕೇಳಿದರು, ದುರ್ಯೋಧನನು ಕೊಡಲಿಲ್ಲ. ಪಂಚರಾತ್ರದಲ್ಲಿ ಅದನ್ನು ದಾನವಾಗಿ ಕೇಳಿದರು, ಕೊಟ್ಟನು. ಕೃಷ್ಣನ ವಾದಕ್ಕಿಂತ ದ್ರೋಣನ ವಾದವು ದೃಢವೆಂದಲ್ಲ. ದ್ರೋಣನು ವಾದವನ್ನೇ ಹೂಡಲಿಲ್ಲ. ಯಾಚ್ಞೆಯೆಂಬ ಲಕ್ಷಣವು ಹೇತುವೆಂಬ ಲಕ್ಷಣವನ್ನು ಮೀರಿತು. ಏಕೆಂದರೆ ಈ ಅರಸನ ಅಭಿಮಾನವು ಕೊಡುವವನ ಅಭಿಮಾನ. ಸಲ್ಲತಕ್ಕದ್ದನ್ನು ಸಲ್ಲಿಸುವುದು ಅವನಿಗೆ ಸೋಲು, ಸಲ್ಲದುದನ್ನು ಕೊಡುವುದು ಹಿರಿಮೆ.

ಇದು ನಮ್ಮ ಕಲ್ಪನೆಯೆಂದು ಯಾರಾದರೂ ಶಂಕಿಸಿದರೆ ಶಲ್ಯಪರ್ವವನ್ನು ನೋಡತಕ್ಕುದು. ಅಲ್ಲಿ ದ್ವೈಪಾಯನಹ್ರದದೊಳಗೆ ಅಡಗಿರುವ ದುರ್ಯೋಧನನು, ಬಂಧುಗಳಿಲ್ಲದ ಈ ಭೂಮಿ ನನಗೆ ಬೇಡ, ನೀನೇ ಆಳು, ನಾನು ಕಾಡಿಗೆ ಹೋಗುತ್ತೇನೆ ಎಂದು ಯುಧಿಷ್ಠಿರನಿಗೆ ಹೇಳುತ್ತಾನೆ. ಸೂಚ್ಯಗ್ರದಷ್ಟು ನೆಲವನ್ನೂ ಬಿಡಲೊಲ್ಲದಿದ್ದವನು ನೀರಿನೊಳಗೆ ಕುಳಿತು ಭೂಮಂಡಲವನ್ನೇ ದಾನಮಾಡಲು ಸಿದ್ಧನಾಗಿದ್ದಾನೆ! ಯುಧಿಷ್ಠಿರನು ಈ ಮಾತಿನ ಒಳಗನ್ನು ಸರಿಯಾಗಿ ಕಂಡುಕೊಂಡನು. ನೀನು ಕೊಟ್ಟದ್ದನ್ನು ನಾನು ಒಲ್ಲೆ, ಗೆದ್ದು ಆಳುತ್ತೇನೆ ಎಂಬುದು ಅವನ ಉತ್ತರ. ಸೋತಮೇಲೂ ದಾತೃವಾಗಿ ಉಳಿಯುವ ಅವಕಾಶವನ್ನು ಅವನು ಕೊಡಲಿಲ್ಲ.

ನಮ್ಮ ಭಾಷೆಯಲ್ಲಿ ಈ ಸಂದರ್ಭವನ್ನು ಅತ್ಯಂತ ನಾಟಕೀಯವಾಗಿ ಕಟ್ಟಿದವನು ರನ್ನ. ಕನ್ನಡದಲ್ಲಿ ಉಪಲಬ್ಧವಾದ ಮೊದಲನೆಯ ನಾಟಕವು ಸಿಂಗರಾರ್ಯನ ಮಿತ್ರವಿಂದಾಗೋವಿಂದ. 17ನೆಯ ಶತಮಾನದ ಅಂತ್ಯದ್ದು, ಹರ್ಷನ ರತ್ನಾವಳಿಯ ರೂಪಾಂತರ. ಅದರಲ್ಲಿ ಅನುನಯವು ಅಂತಃಪುರದ ಮಾನಾಪನಯನಕ್ಕೆ ಸೀಮಿತವಾದುದರಿಂದ ಇಲ್ಲಿ ವಿಚಾರಿಸಬೇಕಾದುದಿಲ್ಲ. ಆದರೆ ಅದಕ್ಕೆ 7 ಶತಮಾನಗಳ ಹಿಂದೆಯೇ, ಊರುಭಂಗ ವೇಣೀಸಂಹಾರಗಳ ಸಂಸ್ಕಾರವನ್ನು ಪಡೆದ ಗದಾಯುದ್ಧವೆಂಬ 10 ಆಶ್ವಾಸಗಳ ಚಂಪೂಕಾವ್ಯದಲ್ಲಿ ನಾಟಕವೊಂದು ಸುಪ್ತವಾಗಿತ್ತು. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಗದಾಯುದ್ಧ ನಾಟಕಂ’ ಎಂದು ಅದನ್ನು ಎಬ್ಬಿಸಿದರು. ಯವನರ ರುದ್ರನಾಟಕದ ಮಾದರಿ ಅವರ ಕಣ್ಣ ಮುಂದಿತ್ತೆಂಬುದು ಸರ್ವವಿದಿತ. ರನ್ನನಲ್ಲಿ ಏನೂ ಇಲ್ಲದಿದ್ದರೆ ಆ ಮಾದರಿಯಿಂದ ಏನೂ ಆಗುತ್ತಿರಲಿಲ್ಲ.

ರನ್ನನ ದುರ್ಯೋಧನನು ಸಂಜಯನೊಡನೆ ರಣರಂಗದಲ್ಲಿ ಕಾಲಿಟ್ಟಾಗಿನಿಂದ ಅವನಿಗೆ ಸಂಧಿಯ ಮಾತೇ ಎದುರಾಗುತ್ತದೆ. ಹೆತ್ತವರು ಬಂದು ಬೇಡುತ್ತಾರೆ. ಸತ್ತ ಮಕ್ಕಳ ಲೆಕ್ಕವನ್ನು ಹಿಡಿದು, ಉಳಿದ ಒಬ್ಬನನ್ನಾದರೂ ಉಳಿಸಿಕೊಳ್ಳಲು ತಂದೆತಾಯಿಗಳು ಆಡುವ ಮಾತಿಗಿಂತ ಕರುಣವಾದ ಅನುನಯವುಂಟೆ? ಅವನು ಕರಗುವುದಿಲ್ಲ. ಕರ್ಣನನ್ನೂ ದುಶ್ಶಾಸನನನ್ನೂ ಕೊಂದವರು ಬದುಕಿರುವಾಗ ಸಂಧಿಯೆಂತು ಎಂಬುದು ಅವನ ಪಕ್ಷ. ಬಳಿಕ ಶರಶಯ್ಯೆಯಲ್ಲಿರುವ ಭೀಷ್ಮನೂ ಸಂಧಿಯನ್ನೇ ಹೇಳುತ್ತಾನೆ. ನಮಸ್ಕರಿಸಿ ಹೋಗಲು ಬಂದೆನೇ ಹೊರತು ಸಂಧಿಗಾಗಿ ಬರಲಿಲ್ಲವೆಂದು ಅಲ್ಲಿಯೂ ನಿರಾಕರಿಸುತ್ತಾನೆ. ಇಲ್ಲಿ ಒಂದು ಸೂಕ್ಷ್ಮವಿದೆ. ಅದೇ ಭೀಷ್ಮನು ಸಂಧಿಯನ್ನು ಬಿಟ್ಟು, ಬಲರಾಮಾದಿಗಳು ಬರುವವರೆಗೆ ವೈಶಂಪಾಯನಸರೋವರದಲ್ಲಿ ಕಾಲವನ್ನು ಕಳೆದು ಮುಂದೆ ಕಾದು ಎಂದಾಗ ದುರ್ಯೋಧನನು ಒಪ್ಪುತ್ತಾನೆ. ವಕ್ತೃ ಬದಲಾಗಲಿಲ್ಲ, ಅವನ ಮೇಲಣ ಗೌರವವೂ ಬದಲಾಗಲಿಲ್ಲ. ಅದೇ ಪ್ರಾಣರಕ್ಷಣೆಯನ್ನು ಯುದ್ಧೋಪಾಯವೆಂಬ ವೇಷದಲ್ಲಿ ಹೇಳಿದ್ದರಿಂದ ಮಾತು ಕಿವಿಯನ್ನು ಹೊಕ್ಕಿತು. ವೃದ್ಧಪಿತಾಮಹನು ಈ ಭೇದವನ್ನು ತಿಳಿದೇ ಆಡಿದನೆಂದು ನಾವು ಭಾವಿಸುತ್ತೇವೆ.

ಆಮೇಲೆ ಸರೋವರದ ದಡದಲ್ಲಿ ಭೀಮನ ಗರ್ಜನೆ. ವ್ಯಾಸರಲ್ಲಿ ಹ್ರದದ ಬಳಿ ಮುಖ್ಯವಾಗಿ ಮಾತನಾಡುವವನು ಯುಧಿಷ್ಠಿರ. ರನ್ನನು ಆ ಕೆಲಸವನ್ನು ಭೀಮನಿಗೆ ಒಪ್ಪಿಸಿದ್ದಾನೆ. ಕಾವ್ಯದ ನಾಯಕನು ಸಾಹಸಭೀಮನಾದುದರಿಂದ ಹೀಗಾಯಿತೆಂದು ಹೇಳಿದರೆ ಅರ್ಧ ಸತ್ಯ. ಉಳಿದರ್ಧವು ಶ್ರೋತೃವಿನಲ್ಲಿದೆ. ಯುಧಿಷ್ಠಿರನೊಡನೆ ವಾದಿಸಬಹುದು, ಅವನಿಗೆ ಭೂಮಿಯನ್ನು ಕೊಡುತ್ತೇನೆನ್ನಬಹುದು. ಭೀಮನ ಹಳಿವಿಗೆ ಉತ್ತರವಾಗಿ ಎದ್ದುಬರುವುದೊಂದೇ ದಾರಿ. ನೀರಿನಲ್ಲಿ ಮುಳುಗಿದ್ದವನಿಗೆ ಬೆವರು ಬಂದುದನ್ನು ಹೇಳುವ ಪದ್ಯವು ಎಲ್ಲ ಪಾಠಪುಸ್ತಕಗಳಲ್ಲಿಯೂ ಸೇರಿ ಎಲ್ಲರ ಬಾಯಲ್ಲಿಯೂ ಇದೆ. ಅದನ್ನು ಚಮತ್ಕಾರದ ಉಕ್ತಿಯೆಂದು ಮೆಚ್ಚಿ ನಿಲ್ಲುವುದು ವಾಡಿಕೆ. ಆದರೆ ಹೆತ್ತ ತಾಯಿಯ ಕಣ್ಣೀರಿಗೆ ಆರ್ದ್ರವಾಗದ ಶರೀರವು ಶತ್ರುವಿನ ಬೈಗುಳಕ್ಕೆ ಒದ್ದೆಯಾಯಿತೆಂಬ ದಾರುಣವನ್ನು ಆ ಪದ್ಯವು ತಾಳಿದೆ. ಅನುನಯವು ಮೂರು ಸಲ ಸೋತಿತು. ಗರ್ಹಣವು ಒಂದೇ ಸಲಕ್ಕೆ ಗೆದ್ದಿತು. ಗೆದ್ದುದೂ ಅವನ ಪ್ರಾಣವನ್ನು ತೆಗೆಯುವುದಕ್ಕೆ. ಈ ಪದ್ಯವನ್ನು ಅದರ ಹಿಂದಿನ ಮೂರು ನಿರಾಕರಣೆಗಳಿಂದ ಬೇರ್ಪಡಿಸಿ ಬೋಧಿಸುವ ಅಧ್ಯಾಪಕರು ವಿದ್ಯಾರ್ಥಿಗೆ ಅತಿಶಯೋಕ್ತಿಯನ್ನು ಕಲಿಸಿಯಾರು, ರನ್ನನನ್ನು ಕಲಿಸಲಾರರು.

ಮುದ್ರಾರಾಕ್ಷಸದಲ್ಲಿ ಇದೇ ವಿಚಾರವು ಇನ್ನೊಂದು ಮುಖದಿಂದ ಬರುತ್ತದೆ. ಮೂರನೆಯ ಅಂಕದಲ್ಲಿ ಚಾಣಕ್ಯ ಚಂದ್ರಗುಪ್ತರ ಕೃತಕಕಲಹವು ಕೌಮುದೀಮಹೋತ್ಸವದ ನಿಷೇಧವನ್ನು ನೆವಮಾಡಿಕೊಂಡು ನಡೆಯುತ್ತದೆ. ಪರಸ್ಪರ ಆಡಿದ ಒಂದು ಮಾತೂ ಪರಸ್ಪರರಿಗಲ್ಲ. ಎಲ್ಲವೂ ರಾಕ್ಷಸನ ಚಾರರ ಕಿವಿಗೆ. ಅನ್ಯಸನ್ನಿಧಿಗೆ ಸಮಸ್ತಸಾಹಿತ್ಯದಲ್ಲಿ ಇಷ್ಟು ದೊಡ್ಡ ಉದಾಹರಣೆ ನಮಗೆ ತಿಳಿಯದು. ಅದೇ ಅಂಕದಲ್ಲಿ ವೈತಾಳಿಕನ ವೇಷದಲ್ಲಿರುವ ರಾಕ್ಷಸನ ಕಡೆಯವನು ಚಂದ್ರಗುಪ್ತನ ಅಭಿಮಾನವನ್ನು ಕೆಣಕುವ ಪದ್ಯಗಳನ್ನು ಹಾಡುತ್ತಾನೆ. ಅವು ಉತ್ತಮವಾದ ಪದ್ಯಗಳು. ಆದರೂ ಫಲಿಸುವುದಿಲ್ಲ. ರಾಜನಿಗೆ ಮೊದಲೇ ಎಚ್ಚರಿಕೆಯಿದೆ. ಮಂತ್ರಿಗೆ ಕೇಳಿದ ಕ್ಷಣದಲ್ಲಿಯೇ ಕರ್ತೃವಿನ ಗುರುತು ಹತ್ತುತ್ತದೆ. ಇನ್ನು ರಾಕ್ಷಸನನ್ನು ಒಲಿಸುವ ಬಗೆ. ಚಾಣಕ್ಯನಂತಹ ನೀತಿವಿಶಾರದನು 7 ಅಂಕಗಳಲ್ಲಿ ಒಮ್ಮೆಯೂ ರಾಕ್ಷಸನಿಗೆ ‘ನಂದರು ಹೋದರು, ಇನ್ನು ನಮ್ಮವನಾಗು’ ಎಂದು ಉಪದೇಶಿಸಲು ಹೋಗುವುದಿಲ್ಲ. ಅಂಥವನಿಗೆ ಉಪದೇಶವು ನಾಟದೆಂದು ಅವನಿಗೆ ಗೊತ್ತು. ರಾಕ್ಷಸನ ಬಾಗಿಲು ಸ್ವಾಮಿಭಕ್ತಿಯಲ್ಲಿಲ್ಲ, ಮಿತ್ರಸ್ನೇಹದಲ್ಲಿದೆ. ಚಂದನದಾಸನನ್ನು ಶೂಲಸ್ಥಾನಕ್ಕೆ ಒಯ್ದರೆ ಆ ಬಾಗಿಲು ತಾನಾಗಿ ತೆರೆಯುತ್ತದೆ. ಹಗ್ಗವನ್ನು ಹಿಡಿದು ಸಾಯಹೊರಟಂತೆ ನಟಿಸಿದ ಒಬ್ಬ ಚಾರನ ನಾಲ್ಕು ಮಾತು ಸಾಕಾಯಿತು. ಮಾತಿನ ಶಕ್ತಿಯನ್ನು ಇಷ್ಟು ತಿಳಿದು ಇಷ್ಟು ಜಿಪುಣತನದಿಂದ ಖರ್ಚುಮಾಡಿದ ನಾಟಕಕಾರನು ವಿಶಾಖದತ್ತನೊಬ್ಬನೇ.

ಶಾಕುಂತಲದ ಪಂಚಮಾಂಕವನ್ನು ಬಿಟ್ಟರೆ ಸಹೃದಯರು ಕ್ಷಮಿಸಲಾರರು. ಅಲ್ಲಿ ಹೇಳುವವಳು ಸತ್ಯವನ್ನೇ ಹೇಳುತ್ತಾಳೆ, ಕೇಳುವವನು ಧರ್ಮಭೀರುವೇ ಆಗಿದ್ದಾನೆ. ಆದರೂ ಮಾತು ಸೋಲುತ್ತದೆ. ಪ್ರಮಾಣಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಆಪ್ತನ ವಾಕ್ಯವಷ್ಟೆ ಶಬ್ದಪ್ರಮಾಣ. ಶಾಪದಿಂದ ಸ್ಮೃತಿ ಹೋದ ದುಷ್ಯಂತನಿಗೆ ಎದುರಿಗೆ ನಿಂತವಳು ಆಪ್ತಳಲ್ಲ, ಅಪರಿಚಿತೆ. ಶಾರ್ಙ್ಗರವನ ತೀಕ್ಷ್ಣವಾದ ವ್ಯಂಗ್ಯವು ಕೆಲಸವನ್ನು ಇನ್ನಷ್ಟು ಕೆಡಿಸಿತೇ ಹೊರತು ಸುಧಾರಿಸಲಿಲ್ಲ. ರಂಗದ ಮೇಲೆ ಸೋತ ಆಕೆಯ ಮಾತು ಸಭೆಯಲ್ಲಿ ಗೆಲ್ಲುತ್ತದೆ. ನಮಗೆ ಗೊತ್ತಿರುವುದು ರಾಜನಿಗೆ ಗೊತ್ತಿಲ್ಲ. ಕಾವ್ಯೋಪದೇಶವು ಕಾಂತಾಸಮ್ಮಿತವೆಂದ ಆಲಂಕಾರಿಕರು ಕಾಂತೆಯ ಮಾತೇ ನಡೆಯದ ಈ ಅಂಕವನ್ನು ನೆನೆದು ಹಾಗೆಂದರೋ ಇಲ್ಲವೋ!

ಆಂಗ್ಲ ನಾಟಕಗಳ ವಿಷಯಕ್ಕೆ ಬಂದರೆ, ನಮ್ಮ ಲಕ್ಕೂರಿನ ಸೀಮೆಯವರಿಗೆ ಒಂದು ಸಂತೋಷದ ಸಂಗತಿಯಿದೆ. ಷೇಕ್ಸ್‌ಪಿಯರ್ ಮಹಾಕವಿಯ ನಾಟಕಗಳಲ್ಲಿ ಮಾತಿನ ಗೆಲುವೇ ಅನರ್ಥಕ್ಕೆ ಬೀಜವಾದ ಎರಡು ಕೃತಿಗಳನ್ನು ಕನ್ನಡಕ್ಕೆ ತಂದವರಿಬ್ಬರೂ ಈ ಕೋಲಾರದ ನೆಲದವರು. ಮುಳುಬಾಗಿಲಿನ ಡಿ. ವಿ. ಗುಂಡಪ್ಪನವರು ಮ್ಯಾಕ್‌ಬೆತ್ತನ್ನೂ, ಲಕ್ಕೂರು ಸೇರಿದ ಮಾಲೂರು ತಾಲ್ಲೂಕಿನಲ್ಲಿಯೇ ಇರುವ ಮಾಸ್ತಿಯ ವೆಂಕಟೇಶ ಅಯ್ಯಂಗಾರ್ಯರು ‘ಲಿಯರ್ ಮಹಾರಾಜ’ವನ್ನೂ ಕನ್ನಡಿಸಿದರು. ಒಬ್ಬರು ಇನ್ನೊಬ್ಬರನ್ನು ನೋಡಿ ಆರಿಸಿದರೆಂದು ನಾವು ಹೇಳುವುದಿಲ್ಲ. ಆದರೆ ಪಕ್ಕಪಕ್ಕದಲ್ಲಿಟ್ಟು ಓದತಕ್ಕ ಜೋಡಿ ಇದು. ಲಿಯರನ ಹಿರಿಯ ಮಗಳಂದಿರಿಬ್ಬರು ತಂದೆಯ ಮೇಲಣ ಪ್ರೀತಿಯನ್ನು ಅಳೆದು ಹೇಳಿ ಒಂದೊಂದು ಭಾಗ ರಾಜ್ಯವನ್ನು ಪಡೆಯುತ್ತಾರೆ. ಕಿರಿಯವಳು ಹೇಳಲೊಲ್ಲದೆ ಕಳೆದುಕೊಳ್ಳುತ್ತಾಳೆ. ಆ ಇಬ್ಬರ ಮಾತು ತೀರ ಸಾಮಾನ್ಯವಾದ ಮುಖಸ್ತುತಿ. ಪ್ರೇಕ್ಷಕನನ್ನು ಕ್ಷಣಕಾಲವೂ ಮೋಸಗೊಳಿಸದು. ಲಿಯರನನ್ನು ಮಾತ್ರ ಪೂರ್ತಿಯಾಗಿ ಮೋಸಗೊಳಿಸಿತು. ಹೊಗಳಿಕೆಯನ್ನು ಕೇಳುವುದಕ್ಕೆಂದೇ ಅವನು ಆ ಸಭೆಯನ್ನು ಕೂಡಿಸಿದ್ದನು. ಭರತನ ಗುಣಕೀರ್ತನವಿದು. ಮ್ಯಾಕ್‌ಬೆತ್ತನ ಪತ್ನಿಯಾದರೋ ಹೊಗಳುವುದಿಲ್ಲ. ಗಂಡನು ರಾಜಹತ್ಯೆಯಿಂದ ಹಿಂದೆಗೆದಾಗ ಅವಳು ಅವನ ಪೌರುಷವನ್ನೇ ಹಳಿಯುತ್ತಾಳೆ. ಸರೋವರತೀರದಲ್ಲಿ ಭೀಮನು ಹಿಡಿದ ಆಯುಧವನ್ನೇ ಅವಳು ಶಯನಗೃಹದ ನೆರೆಯಲ್ಲಿ ಹಿಡಿದಳು. ಅಲ್ಲಿ ಶತ್ರು, ಇಲ್ಲಿ ಮಡದಿ, ಪರಿಣಾಮ ಒಂದೇ. ಇನ್ನೂ ಒಂದು ಮಾತು: ಮ್ಯಾಕ್‌ಬೆತ್ತನಿಗೆ ಆ ಕೃತ್ಯದ ಅಧರ್ಮವು ಅವಳಿಗಿಂತ ಚೆನ್ನಾಗಿ ತಿಳಿದಿತ್ತು, ಅದನ್ನು ಅವನೇ ಸ್ವಗತದಲ್ಲಿ ಪೂರ್ಣವಾಗಿ ವಾದಿಸಿಕೊಂಡಿದ್ದನು. ಹೇತುವಿನಿಂದ ಸ್ಥಾಪಿತವಾದುದು ಗರ್ಹಣದಿಂದ ಉರುಳಿತು.

ಆದುದರಿಂದ ಪಾಶ್ಚಾತ್ಯ ನಾಟಕದಲ್ಲಿ ವಾದವುಂಟು, ನಮ್ಮದರಲ್ಲಿ ಇಲ್ಲವೆಂಬ ವಿಭಾಗವು ನಿಲ್ಲತಕ್ಕದ್ದಲ್ಲ. ಒಳ್ಳೆಯ ವಾದವು ಅಲ್ಲಿಯೂ ಸೋಲುತ್ತದೆ, ಇಲ್ಲಿಯೂ ಸೋಲುತ್ತದೆ. ವ್ಯತ್ಯಾಸವೊಂದಿದೆಯಾದರೆ ಅದು ಬೇರೆ ಕಡೆ. ಆಂಗ್ಲಕವಿಯು ಗೆದ್ದ ಮಾತಿನ ಫಲವನ್ನು ಕೊನೆಯವರೆಗೂ ಬೆನ್ನಟ್ಟುತ್ತಾನೆ. ನಮ್ಮ ಕವಿಗಳು ಬಹುಮಟ್ಟಿಗೆ ಸೋತ ಮಾತಿನ ಘನತೆಯನ್ನು ತೋರಿಸಿ, ಫಲವನ್ನು ದೈವಕ್ಕೂ ಅಂಗುಲೀಯಕಕ್ಕೂ ಬಿಡುತ್ತಾರೆ. ರನ್ನನೂ ವಿಶಾಖದತ್ತನೂ ಇದಕ್ಕೆ ಅಪವಾದ.

ಈ ವಿವೇಕವು ಪಂಡಿತರಿಗೆ ಮಾತ್ರ ಸೇರಿದ್ದೆಂದು ತಿಳಿಯಬಾರದು. ಮಾಲೂರು, ಮುಳುಬಾಗಿಲು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಲ್ಲಿ ಜಾತ್ರೆ ಪರಿಷೆಗಳ ಕಾಲಕ್ಕೆ ಇಂದಿಗೂ ಕುರುಕ್ಷೇತ್ರ ನಾಟಕವನ್ನು ಆಡುತ್ತಾರೆ. ಬೇಸಾಯಗಾರರೂ ವ್ಯಾಪಾರಿಗಳೂ ನಾಟಕದ ಮೇಷ್ಟರಿಂದ ತಿಂಗಳುಗಟ್ಟಲೆ ಪಾಠಮಾಡಿಸಿಕೊಂಡು, ಕೈಯಿಂದ ಹಣ ಹಾಕಿ ಪಾತ್ರ ಕಟ್ಟುತ್ತಾರೆ. ತೆಲುಗೂ ಕನ್ನಡವೂ ಬೆರೆತ ಈ ಗಡಿನಾಡಿನಲ್ಲಿ ತಿರುಪತಿ ವೆಂಕಟಕವಿಗಳ ಪಾಂಡವೋದ್ಯೋಗದ ರಾಯಭಾರಪದ್ಯಗಳನ್ನು ಬಲ್ಲವರಿಗೂ ಕೊರತೆಯಿಲ್ಲ. ಆ ರಾತ್ರಿಯಲ್ಲಿ ಜನ ಕಾದು ಕುಳಿತಿರುವುದು ಕೃಷ್ಣಸಂಧಾನಕ್ಕಾಗಿ. ನಮಗೆ ಅದರಲ್ಲಿ ತಕರಾರಿಲ್ಲವೆಂದಲ್ಲ. ಕೃಷ್ಣನ ಪಾತ್ರಧಾರಿಯು ಒಂದು ಪದ್ಯದ ಕೊನೆಯ ಅಕ್ಷರವನ್ನು ಹಾರ್ಮೋನಿಯಂ ಸುಸ್ತಾಗುವವರೆಗೆ ಎಳೆಯುತ್ತಾನೆ. ಕೌರವನು ಗದೆಯನ್ನೂರಿ ಅದು ಮುಗಿಯುವುದನ್ನು ಕಾಯುತ್ತಾನೆ. ಸಭಿಕರು ‘ಒನ್ಸ್ ಮೋರ್’ ಎಂದರೆ ಸಂಧಿಯ ಮಾತು ಮೊದಲಿಂದ ಆರಂಭವಾಗುತ್ತದೆ. ಉತ್ತರಕ್ಕೆ ಅವಸರವಿಲ್ಲದ ಮೇಲೆ ಪ್ರಶ್ನೆಗೆ ಮೊನೆಯೆಲ್ಲಿ ಉಳಿಯಿತು? ದೂತವಾಕ್ಯದ ಚಿತ್ರಪಟದಂತಹ ಒಂದು ಉಪಾಯವನ್ನು ಯಾವ ಕಂಪೆನಿಯವರೂ ಎತ್ತಿಕೊಳ್ಳದಿದ್ದುದೂ ಆಶ್ಚರ್ಯ. ಸೀನರಿಗೆ ವೆಚ್ಚಮಾಡುವ ಹಣದಲ್ಲಿ ಹತ್ತನೆಯ ಒಂದು ಪಾಲಿಗೆ ಅದು ಸಾಧ್ಯವಾಗುತ್ತಿತ್ತು.

ಆದರೂ ಆ ಸಭೆಯು ಒಂದನ್ನು ತಪ್ಪದೆ ಮಾಡುತ್ತದೆ. ಕೃಷ್ಣನ ನೀತಿಗೆ ತಲೆದೂಗಿದ ಜನವೇ ಮರುಕ್ಷಣದಲ್ಲಿ ಕೌರವನ ನಿರಾಕರಣೆಗೂ ಚಪ್ಪಾಳೆ ತಟ್ಟುತ್ತದೆ. ವಿದ್ಯಾವಂತರಾದ ಕೆಲವರು ಇದನ್ನು ವಿವೇಚನೆಯಿಲ್ಲದ ಮೆಚ್ಚಿಕೆಯೆಂದು ನಗುವುದುಂಟು. ಧರ್ಮವು ಎತ್ತ ಕಡೆಗಿದೆಯೆಂಬುದು ಅಲ್ಲಿ ಕುಳಿತ ಯಾರಿಗೂ ತಿಳಿಯದ ಸಂಗತಿಯಲ್ಲ. ಇವನು ಒಪ್ಪುವುದಿಲ್ಲವೆಂಬುದೂ ಅವರಿಗೆ ಗೊತ್ತು. ಅವರು ಕಿವಿಗೊಟ್ಟಿರುವುದು ಈ ಸಲದ ಕೌರವನು ಯಾವ ದನಿಯಲ್ಲಿ, ಎಷ್ಟು ಗತ್ತಿನಿಂದ ಒಲ್ಲೆನೆನ್ನುತ್ತಾನೆಂಬುದಕ್ಕೆ. ದನಿ ಅಳುಕಿದರೆ ಚಪ್ಪಾಳೆ ಬೀಳುವುದಿಲ್ಲ. ಪಾತ್ರವನ್ನು ಹೊತ್ತವನು ಮಾರನೆಯ ದಿನ ಅಂಗಡಿಬೀದಿಯಲ್ಲಿ ಅದಕ್ಕೆ ಜವಾಬು ಹೇಳಬೇಕಾಗುತ್ತದೆ.